ಮೂರು ಕ್ಲಿಕ್ಕಿನ ಲೆಕ್ಕ ಬಿಡಿ, ಬೆರಳು ಎಲ್ಲಿ ತಡವರಿಸುತ್ತದೆ ನೋಡಿ

ಪ್ರಶ್ನೆ: ದಾವಣಗೆರೆಯ ಸಣ್ಣ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಒಂದು ಪತ್ತಿನ ಸಹಕಾರ ಸಂಘಕ್ಕೆ ಆ್ಯಪ್ ಮಾಡಿಕೊಟ್ಟು ಎಂಟು ತಿಂಗಳಾಯಿತು. ಸದಸ್ಯರು 4,200. ಆ್ಯಪ್ ಹಾಕಿಕೊಂಡವರು 900ರ ಆಸುಪಾಸು. ತಿಂಗಳಿಗೊಮ್ಮೆಯಾದರೂ ತೆರೆಯುವವರು ನೂರೂ ಇಲ್ಲ. ಉಳಿದವರು ಮೊದಲಿನ ಹಾಗೇ ಕೌಂಟರಿಗೆ ಬರುತ್ತಾರೆ, ಇಲ್ಲವೇ ಫೋನ್ ಮಾಡಿ ‘ಸಾಲ ಎಷ್ಟುಳಿದಿದೆ’ ಎಂದು ಕೇಳುತ್ತಾರೆ. ಆ್ಯಪ್‌ನಲ್ಲಿ ಸಾಲದ ಅರ್ಜಿ ಹಾಕಿದ ಹಲವರ ಅರ್ಜಿ ಎರಡೆರಡು ಸಲ ಬಂದಿದೆ. ನಿರ್ದೇಶಕರೊಬ್ಬರು ‘ಯಾವ ಕೆಲಸವೂ ಮೂರು ಕ್ಲಿಕ್ ದಾಟಬಾರದು’ ಎಂದಿದ್ದರಿಂದ ಮುಖಪುಟದಲ್ಲೇ 14 ಐಕಾನ್ ಇಟ್ಟಿದ್ದೇವೆ. ಮೂರು ತಿಂಗಳ ಹಿಂದೆ ಕನ್ನಡ ಸೇರಿಸಿದೆವು. ವಯಸ್ಸಾದವರೇ ‘ಇಂಗ್ಲಿಷೇ ವಾಸಿಯಿತ್ತು’ ಅನ್ನುತ್ತಿದ್ದಾರೆ! ನಮ್ಮ ಮಾಲೀಕರು ಬಣ್ಣ, ಅನಿಮೇಷನ್ ಹೆಚ್ಚಿಸೋಣ ಎನ್ನುತ್ತಾರೆ. ಇಬ್ಬರು ಕೆಲಸಗಾರರಿದ್ದೇವೆ, ಎರಡು ತಿಂಗಳ ಸಮಯವಿದೆ. ಎಲ್ಲ ಹೊಸದಾಗಿ ಮಾಡಬೇಕೋ, ಇರುವುದನ್ನೇ ತಿದ್ದಬೇಕೋ? ಬಟನ್ ಹಸಿರಿರಬೇಕೋ ನೀಲಿಯೋ ಎಂಬ ಜಗಳವೂ ಇನ್ನೂ ಮುಗಿದಿಲ್ಲ. ಪರದೆಗಳ ಚಿತ್ರ ಲಗತ್ತಿಸಿದ್ದೇನೆ.

ಉತ್ತರ: ನೀವು ಕಳಿಸಿದ ಹನ್ನೊಂದು ಪರದೆಗಳನ್ನೂ ನೋಡಿದೆ. ‘ಜನ ಬಳಸುತ್ತಿಲ್ಲ’ ಎಂಬ ನಿಮ್ಮ ಚಿಂತೆಯ ಒಳಗೆ ಇನ್ನೊಂದು ಅಳುಕು ಕಾಣುತ್ತಿದೆ: ಊರಿನ ಹಿರಿಯರಿಗೆ ಇದೆಲ್ಲ ಒಗ್ಗುವುದೇ ಇಲ್ಲವೇನೋ ಎಂದು. ಅದನ್ನು ಮೊದಲು ತಲೆಯಿಂದ ತೆಗೆಯಿರಿ. ಇದೇ ಸದಸ್ಯರು ಕಿರಾಣಿ ಅಂಗಡಿಯಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡುತ್ತಾರೆ, ವಾಟ್ಸ್‌ಆ್ಯಪ್‌ನಲ್ಲಿ ಲಗ್ನಪತ್ರಿಕೆ ಕಳಿಸುತ್ತಾರೆ, ಚುನಾವಣೆ ಬಂದಾಗ ಮತಯಂತ್ರದ ಮುಂದೆ ಒಬ್ಬರೇ ನಿಂತು ಕೆಲಸ ಮುಗಿಸಿ ಬರುತ್ತಾರೆ.

ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುವ ಆ ಮತಯಂತ್ರವನ್ನು ಒಮ್ಮೆ ಹತ್ತಿರದಿಂದ ನೋಡಿ. ಒಂದು ಸಾಲು, ಒಂದು ಹೆಸರು, ಒಂದು ಚಿಹ್ನೆ, ಪಕ್ಕದಲ್ಲೇ ಒಂದು ನೀಲಿ ಗುಂಡಿ. ಯಾವ ಗುಂಡಿ ಯಾರದ್ದು ಎಂಬ ಗೊಂದಲಕ್ಕೆ ಜಾಗವೇ ಇಲ್ಲ. ಒತ್ತಿದ ಕೂಡಲೇ ಆ ಸಾಲಿನಲ್ಲಿ ಕೆಂಪು ದೀಪ ಹೊತ್ತುತ್ತದೆ, ವಿವಿಪ್ಯಾಟ್‌ನ ಕಿಟಕಿಯಲ್ಲಿ ಚೀಟಿ 7 ಸೆಕೆಂಡ್ ಕಾಣುತ್ತದೆ, ‘ಬೀಪ್’ ಎಂಬ ಸದ್ದು ಕೇಳುತ್ತದೆ. ಎರಡನೇ ಸಲ ಒತ್ತಿದರೂ ಮತಗಟ್ಟೆ ಅಧಿಕಾರಿ ಮತ್ತೆ ‘ಬ್ಯಾಲಟ್’ ಗುಂಡಿ ಒತ್ತುವವರೆಗೆ ಮತ ದಾಖಲಾಗುವುದಿಲ್ಲ. ಅಧಿಕಾರಿಯ ಕೈಯಲ್ಲಿರುವ ಪೆಟ್ಟಿಗೆಯಲ್ಲೂ ಅಷ್ಟೇ: ದಿನವಿಡೀ ಒತ್ತುವ ‘ಬ್ಯಾಲಟ್’ ಗುಂಡಿ ತೆರೆದಿರುತ್ತದೆ, ಮತದಾನ ಮುಗಿಸುವ ‘ಕ್ಲೋಸ್’ ಗುಂಡಿಗೆ ಮುಚ್ಚಳ, ಫಲಿತಾಂಶದ ಭಾಗಕ್ಕೆ ಮೊಹರು. ಯುಎಕ್ಸ್ (ಬಳಕೆದಾರರ ಅನುಭವದ ವಿನ್ಯಾಸ) ಪಾಠಗಳಲ್ಲಿ ಬೇರೆ ಬೇರೆ ಅಧ್ಯಾಯವಾಗಿ ಕಲಿಸುವ ಸಂಗತಿಗಳು ಇಲ್ಲಿ ಒಂದೇ ಮೇಜಿನ ಮೇಲಿವೆ: ಗುಂಡಿ ಮತ್ತು ಅದರ ಫಲದ ಹೊಂದಾಣಿಕೆ, ಒತ್ತಿದ್ದಕ್ಕೆ ಮರುಸೂಚನೆ, ತಪ್ಪಾಗದಂತೆ ತಡೆ.

ಯಾವುದೇ ಪರದೆಯ ಮುಂದೆ ಕೂತವರ ಮನಸ್ಸಿನಲ್ಲಿ ಓಡುವುದು ಎರಡೇ ಪ್ರಶ್ನೆ. ‘ಈಗ ಏನು ಮಾಡ್ಲಿ?’ ಮತ್ತು ‘ಈಗ ಏನಾಯ್ತು?’ 1993ರಲ್ಲಿ ಆಪಲ್ ಸೇರಿ ‘ಯೂಸರ್ ಎಕ್ಸ್‌ಪೀರಿಯನ್ಸ್’ ಎಂಬ ಮಾತನ್ನು ತಮ್ಮ ಹುದ್ದೆಯ ಹೆಸರಿನಲ್ಲೇ ಇಟ್ಟುಕೊಂಡ ಡೊನಾಲ್ಡ್ ನಾರ್ಮನ್, ಅದಕ್ಕೂ ಮೊದಲೇ ಇವನ್ನು ಬಳಕೆದಾರ ದಾಟಬೇಕಾದ ಎರಡು ಕಂದರಗಳು ಎಂದು ವಿವರಿಸಿದ್ದರು. ನಿಮ್ಮ ಹನ್ನೊಂದು ಪರದೆಗಳಲ್ಲಿ ಎರಡೂ ಪ್ರಶ್ನೆಗಳಿಗೆ ಉತ್ತರವಿರುವುದು ಎರಡರಲ್ಲಿ ಮಾತ್ರ.

ಅರ್ಜಿ ಎರಡು ಸಲ ಬರುತ್ತಿರುವುದನ್ನೇ ನೋಡಿ. ‘ಸಲ್ಲಿಸು’ ಒತ್ತಿದ ಮೇಲೆ ಏಳೆಂಟು ಸೆಕೆಂಡ್ ಬರೀ ಬಿಳಿ ಪರದೆ ಎಂದು ಚಿತ್ರದ ಕೆಳಗೆ ನೀವೇ ಬರೆದಿದ್ದೀರಿ. ಮನುಷ್ಯನ ಸಹನೆಗೆ ಬಹುಕಾಲದಿಂದ ಬಳಕೆಯಲ್ಲಿರುವ ಮೂರು ಗಡಿಗಳಿವೆ. 0.1 ಸೆಕೆಂಡಿನೊಳಗೆ ಪ್ರತಿಕ್ರಿಯೆ ಬಂದರೆ ‘ನಾನು ಒತ್ತಿದ್ದಕ್ಕೇ ಆಯಿತು’ ಅನ್ನಿಸುತ್ತದೆ. 1 ಸೆಕೆಂಡ್‌ವರೆಗೆ ಯೋಚನೆಯ ಎಳೆ ತುಂಡಾಗುವುದಿಲ್ಲ. 10 ಸೆಕೆಂಡ್ ದಾಟಿದರೆ ಗಮನ ಬೇರೆಡೆಗೆ ಹೋಗುತ್ತದೆ. ನಿಮ್ಮ ಸದಸ್ಯ ಎಂಟು ಸೆಕೆಂಡ್ ಬಿಳಿ ಗೋಡೆ ನೋಡುತ್ತಾರೆ, ಒತ್ತಿದ್ದು ತಾಗಲಿಲ್ಲ ಎಂದುಕೊಂಡು ಹಿಂದೆ ಹೋಗಿ ಮತ್ತೆ ಒತ್ತುತ್ತಾರೆ. ತಪ್ಪು ಅವರದ್ದಲ್ಲ. ಇದಕ್ಕೆ ಎರಡು ಕಡೆ ಕೈ ಹಾಕಬೇಕು. ಪರದೆಯ ಮೇಲೆ: ಒತ್ತಿದ ತಕ್ಷಣ ಬಟನ್ ಬಣ್ಣ ಮಾಸಿ ‘ಅರ್ಜಿ ಹೋಗುತ್ತಿದೆ…’ ಎಂದಾಗಲಿ, ಮತ್ತೆ ಒತ್ತಲು ಬಾರದಿರಲಿ, ಮುಗಿದ ಮೇಲೆ ಅರ್ಜಿ ಸಂಖ್ಯೆ, ದಿನಾಂಕ, ‘ಮೂರು ದಿನದೊಳಗೆ ಸಂಘದಿಂದ ಫೋನ್ ಬರುತ್ತದೆ’ ಎಂಬಂಥ ಮುಂದಿನ ಹೆಜ್ಜೆ ಕಾಣಲಿ. ಸರ್ವರ್‌ನಲ್ಲಿ: ಅರ್ಜಿ ತೆರೆದಾಗಲೇ ಅದಕ್ಕೊಂದು ವಿಶಿಷ್ಟ ಸಂಖ್ಯೆ ಕೊಟ್ಟು, ಅದೇ ಸಂಖ್ಯೆಯ ಅರ್ಜಿ ಎರಡನೇ ಸಲ ಬಂದರೆ ಹೊಸದನ್ನು ಸೃಷ್ಟಿಸದೆ ಹಳೆಯದರ ಉತ್ತರವನ್ನೇ ಕಳಿಸಿ. ಮೊದಲನೆಯದನ್ನು ಮಾತ್ರ ಮಾಡಿ ಎರಡನೆಯದನ್ನು ಬಿಟ್ಟರೆ, ನೆಟ್‌ವರ್ಕ್ ಕಡಿದು ಮರುಯತ್ನ ನಡೆದಾಗ ಜೋಡಿ ಅರ್ಜಿ ಮತ್ತೆ ಬರುತ್ತವೆ.

ಇನ್ನು ಮೂರು ಕ್ಲಿಕ್ಕಿನ ಮಾತು. ಅದೊಂದು ಹಳೆಯ ನಂಬಿಕೆ, ನಿಯಮವಲ್ಲ. 2003ರಲ್ಲಿ ಅಮೆರಿಕದ ಯೂಸರ್ ಇಂಟರ್‌ಫೇಸ್ ಎಂಜಿನಿಯರಿಂಗ್ ಸಂಸ್ಥೆಯ ಜೋಶುವಾ ಪೋರ್ಟರ್ ಇದನ್ನು ಪರೀಕ್ಷೆಯ ದತ್ತಾಂಶಕ್ಕೆ ಹಚ್ಚಿ ನೋಡಿದಾಗ, ಕ್ಲಿಕ್ ಹೆಚ್ಚಾದಂತೆ ಜನ ಕೈಬಿಡುವುದೂ ಕಾಣಲಿಲ್ಲ, ಅಸಮಾಧಾನ ಏರುವುದೂ ಕಾಣಲಿಲ್ಲ. ಜನರಿಗೆ ಬೇಕಾದದ್ದು ಪ್ರತಿ ಒತ್ತಿಗೂ ‘ಸರಿಯಾದ ದಾರಿಯಲ್ಲೇ ಇದ್ದೇನೆ’ ಎಂಬ ಭರವಸೆ. ಊರಿಗೆ ಹೊಸಬರು ದಾರಿ ಕೇಳಿದಾಗ ‘ಮುಂದೆ ಹೋಗಿ, ಗಣಪತಿ ಗುಡಿ ಸಿಗುತ್ತೆ, ಅಲ್ಲಿ ಎಡಕ್ಕೆ’ ಎಂದರೆ ಐದು ತಿರುವೂ ಸಲೀಸು. ಗುರುತಿಲ್ಲದ 14 ರಸ್ತೆ ಕೂಡುವ ಸರ್ಕಲ್ಲಿನಲ್ಲಿ ಬಿಟ್ಟು ‘ಇಲ್ಲೇ ಒಂದರಲ್ಲಿದೆ’ ಎಂದರೆ ಒಂದೇ ತಿರುವೂ ಕಷ್ಟ. ಮೂರು ಕ್ಲಿಕ್ ಉಳಿಸಲು ಹೋಗಿ ನೀವು ಮಾಡಿರುವುದು ಎರಡನೆಯದನ್ನು.

ಹಾಗೆಂದು ‘ಐಕಾನ್ ಏಳೇ ಇರಬೇಕು’ ಎಂಬ ಇನ್ನೊಂದು ಮಾತಿಗೂ ಬೀಳಬೇಡಿ. ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಅವರ 1956ರ ಲೇಖನದ ‘ಏಳು, ಎರಡು ಹೆಚ್ಚುಕಡಿಮೆ’ ಎಂಬುದು ತಕ್ಷಣದ ನೆನಪಿನ ಮಿತಿಯ ಬಗ್ಗೆ. ಕಣ್ಣೆದುರೇ ಇರುವ ಮೆನುವನ್ನು ಯಾರೂ ಬಾಯಿಪಾಠ ಮಾಡಬೇಕಿಲ್ಲ. ನಿಮ್ಮಲ್ಲಿ ತೊಂದರೆ 14 ಎಂಬ ಸಂಖ್ಯೆಯದ್ದಲ್ಲ. ದಿನವೂ ಬೇಕಾಗುವುದು, ವರ್ಷಕ್ಕೊಮ್ಮೆ ಬೇಕಾಗುವುದು, ಯಾರಿಗೂ ಬೇಡದ್ದು ಎಲ್ಲವೂ ಒಂದೇ ಗಾತ್ರದಲ್ಲಿ ನಿಂತಿವೆ. ‘ಅಧ್ಯಕ್ಷರ ನುಡಿ’ಗೂ ‘ಸಾಲದ ಕಂತು’ವಿಗೂ ಒಂದೇ ತೂಕ! ಕೌಂಟರಿನ ಹುಡುಗರನ್ನು ಕೇಳಿ ಒಂದು ವಾರ ಬಂದ ಫೋನ್‌ಗಳ ಪಟ್ಟಿ ಮಾಡಿ. ‘ಎಷ್ಟು ಕಟ್ಟಬೇಕು’, ‘ಕಟ್ಟಿದ್ದು ಜಮಾ ಆಯ್ತಾ’, ‘ಪಿಗ್ಮಿ ಎಷ್ಟಾಯ್ತು’ ಇವೇ ಮುಕ್ಕಾಲು ಪಾಲು ಇರುತ್ತವೆ ಎಂಬುದು ನನ್ನ ಊಹೆ. ಅವಕ್ಕೆ ಬಟನ್ ಕೂಡ ಬೇಡ. ಮುಖಪುಟದಲ್ಲೇ ಉತ್ತರ ಬರೆದುಬಿಡಿ: ‘ಜೂನ್ 10ರೊಳಗೆ ಕಟ್ಟಬೇಕಾದ ಕಂತು ₹4,350. ಕಳೆದ ಕಂತು ಮೇ 8ಕ್ಕೆ ಜಮಾ ಆಗಿದೆ.’ ಉಳಿದ ಹನ್ನೊಂದು ‘ಇತರೆ’ ಪಟ್ಟಿಗೆ ಹೋಗಲಿ. ಐಕಾನ್ ಕೆಳಗೆ ಪದ ಇರಲೇಬೇಕು. ನಿಮ್ಮ ಎರಡು ಕೈ ಕುಲುಕುವ ಚಿತ್ರ ‘ಜಾಮೀನು’ ಎಂದು ನನಗೂ ಹೊಳೆಯಲಿಲ್ಲ.

ಈಗ ಕನ್ನಡಕ್ಕೆ ಬರೋಣ. ಇಲ್ಲಿ ನಾನು ತುಸು ಹೆಚ್ಚೇ ಹೇಳಬೇಕು, ಏಕೆಂದರೆ ‘ಇಂಗ್ಲಿಷೇ ವಾಸಿಯಿತ್ತು’ ಎಂದ ಸದಸ್ಯರು ಹೇಳಿದ್ದು ನಿಜ.

ಮೊದಲನೆಯದು ಪದ. ಇಂಗ್ಲಿಷ್ ಪದಗಳ ಪಟ್ಟಿಯನ್ನು ಪರದೆ ನೋಡದೆ ಯಂತ್ರಾನುವಾದಕ್ಕೆ ಕೊಟ್ಟ ಹಾಗಿದೆ. ‘ಬ್ಯಾಲೆನ್ಸ್’ ಎಂಬುದು ‘ಸಮತೋಲನ’ವಾಗಿದೆ, ‘ಡ್ಯೂ ಡೇಟ್’ ‘ಕಾರಣ ದಿನಾಂಕ’ವಾಗಿದೆ, ಅಸಲು ‘ಪ್ರಧಾನ’ವಾಗಿದೆ. ಲಾಗಿನ್ ಪುಟ ‘ನಿಮ್ಮ ರುಜುವಾತುಗಳನ್ನು ನಮೂದಿಸಿ’ ಎನ್ನುತ್ತದೆ. ಸಾಲ ತೆಗೆದುಕೊಂಡವರಿಗೆ ಕೋರ್ಟಿನ ನೋಟಿಸ್ ಬಂದಂತೆ ಕೇಳುತ್ತದೆ. ಸಂಘದ ಪಾಸ್‌ಬುಕ್, ರಸೀದಿ, ಪಿಗ್ಮಿ ಕಾರ್ಡ್ ಮುಂದಿಟ್ಟುಕೊಂಡು ಪದ ಆರಿಸಿ. ಪಿಗ್ಮಿ ಎಂಬ ಪದವೇ ನೋಡಿ, ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರು ಮಾಡಿದ ಯೋಜನೆಯ ಹೆಸರು ಇವತ್ತು ಎಲ್ಲರ ಬಾಯಲ್ಲಿದೆ. ಅದನ್ನು ‘ಕಿರು ದೈನಿಕ ಠೇವಣಿ’ ಎಂದು ಕನ್ನಡಿಸುವ ಉತ್ಸಾಹ ಬೇಡ. ಅಸಲು, ಬಡ್ಡಿ, ಕಂತು, ಜಾಮೀನುದಾರರು, ಓಟಿಪಿ, ಪಿನ್ ಎಲ್ಲ ಹಾಗೇ ಇರಲಿ. ಒಂದು ಪದದಲ್ಲಿ ಮಾತ್ರ ಎಚ್ಚರ: ‘ಬಾಕಿ’. ಉಳಿತಾಯ ಖಾತೆಯಲ್ಲಿ ಬಾಕಿ ಎಂದರೆ ನಮ್ಮ ಹಣ, ಸಾಲದಲ್ಲಿ ಬಾಕಿ ಎಂದರೆ ನಾವು ಕೊಡಬೇಕಾದ್ದು. ಎರಡೂ ಕಡೆ ಅದೇ ಪದ ಬಳಸಿದರೆ ಗಾಬರಿ ಗ್ಯಾರಂಟಿ. ‘ಖಾತೆಯಲ್ಲಿರುವ ಹಣ’, ‘ಇನ್ನು ಕಟ್ಟಬೇಕಾದ್ದು’ ಎಂದು ಬಿಡಿಸಿ ಬರೆಯಿರಿ.

ಇದಕ್ಕಿಂತ ಅಪಾಯದ್ದು ನಿಮ್ಮ ಒಂಬತ್ತನೇ ಪರದೆ. ‘ಅರ್ಜಿಯನ್ನು ರದ್ದು ಮಾಡಬೇಕೆ?’ ಎಂಬ ಪ್ರಶ್ನೆ, ಕೆಳಗೆ ಎರಡು ಬಟನ್: ‘ರದ್ದು’, ‘ಸರಿ’. ಯಾವುದು ಒತ್ತಿದರೆ ಅರ್ಜಿ ಉಳಿಯುತ್ತದೆ? ಮಾಡಿದವರಿಗೆ ಗೊತ್ತು, ಇನ್ನಾರಿಗೂ ಗೊತ್ತಿಲ್ಲ. ಬಟನ್ ಮೇಲೆ ಕೆಲಸವನ್ನೇ ಬರೆಯಿರಿ: ‘ಅರ್ಜಿ ಅಳಿಸಿ’, ‘ಅರ್ಜಿ ಇರಲಿ’. ಎರಡೂ ಒಂದಕ್ಕೊಂದು ಅಂಟಿಕೊಂಡಿರಬಾರದು.

ಎರಡನೆಯದು ಅಕ್ಷರದ ಮೈಕಟ್ಟು. ಇಂಗ್ಲಿಷಿಗೆಂದು ಅಳೆದ ಪೆಟ್ಟಿಗೆಯಲ್ಲಿ ಕನ್ನಡ ಕೂರುವುದಿಲ್ಲ. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ‘ರಾಷ್ಟ್ರೀಯ’ದಂಥ ಪದದಲ್ಲಿ ಎರಡೆರಡು ಒತ್ತು. ನಿಮ್ಮ ಬಟನ್ ಎತ್ತರ ಸ್ಥಿರವಾಗಿರುವುದರಿಂದ ‘ಮೊತ್ತ’ದ ತವತ್ತು ಕತ್ತರಿಸಿ ‘ಮೊತ’ ಎಂದು ಕಾಣುತ್ತಿದೆ, ನಾಲ್ಕನೇ ಚಿತ್ರವನ್ನು ಹಿಗ್ಗಿಸಿ ನೋಡಿ. ಸಾಲಿನ ಎತ್ತರವನ್ನು ಅಕ್ಷರ ಗಾತ್ರದ ಒಂದೂವರೆ ಪಟ್ಟಿಗಿಂತ ಕಡಿಮೆ ಇಡಬೇಡಿ. ಇಂಗ್ಲಿಷ್ 16 ಇದ್ದಲ್ಲಿ ಕನ್ನಡಕ್ಕೆ 17 ಅಥವಾ 18 ಕೊಡಿ. ಬಟನ್ ಎತ್ತರ ಒಳಗಿನ ಪಠ್ಯಕ್ಕೆ ತಕ್ಕಂತೆ ಬೆಳೆಯಲಿ. ಅಕ್ಷರಗಳ ನಡುವಿನ ಅಂತರವನ್ನು ಕೃತಕವಾಗಿ ಹೆಚ್ಚಿಸಬೇಡಿ. ತೀರಾ ದಪ್ಪ ಅಕ್ಷರದಲ್ಲಿ ಸುಳಿಗಳು ತುಂಬಿಹೋಗಿ ಕಪ್ಪು ಚುಕ್ಕೆಯಾಗುತ್ತವೆ, ಅದೂ ಬೇಡ. ಫೋನ್‌ನ ಅಕ್ಷರ ಗಾತ್ರವನ್ನು ಸೆಟ್ಟಿಂಗ್‌ನಲ್ಲಿ ಪೂರ್ತಿ ಹಿಗ್ಗಿಸಿ ಪ್ರತಿ ಪರದೆ ಪರೀಕ್ಷಿಸಿ. ಐವತ್ತು ದಾಟಿದ ಬಹಳ ಜನ ಹಾಗೇ ಇಟ್ಟುಕೊಂಡಿರುತ್ತಾರೆ.

ಪರದೆಯಲ್ಲಿ ಸದಸ್ಯರ ಹೆಸರು ಅರ್ಧಕ್ಕೇ ತುಂಡಾಗುವುದೂ ಇದೇ ಮೂಲದ ಕಾಯಿಲೆ. ಕಂಪ್ಯೂಟರ್ ಅಕ್ಷರಗಳನ್ನು ಸಂಕೇತವಾಗಿ ಇಟ್ಟುಕೊಳ್ಳುವ ಯೂನಿಕೋಡ್‌ನಲ್ಲಿ ‘ಶ್ರೀ’ ಎಂಬುದು ಕಣ್ಣಿಗೆ ಒಂದೇ ಅಕ್ಷರ, ಒಳಗೆ ನಾಲ್ಕು ಸಂಕೇತ: ಶ, ವಿರಾಮ (ಅರ್ಧಾಕ್ಷರದ ಗುರುತು), ರ, ಈಕಾರ. ‘20 ಅಕ್ಷರಕ್ಕೆ ಕತ್ತರಿಸು’ ಎಂದು ಕೋಡ್ ಬರೆದರೆ ಅದು ಸಂಕೇತ ಎಣಿಸುತ್ತದೆ, ಒತ್ತಿನ ನಡುವೆಯೇ ಕೊಯ್ಯುತ್ತದೆ. ಪೂರ್ಣಾಕ್ಷರಗಳನ್ನು ಎಣಿಸುವ ಫಂಕ್ಷನ್ ಬಳಸಿ, ಇಲ್ಲವೇ ಹೆಸರನ್ನು ಕತ್ತರಿಸದೆ ಎರಡನೇ ಸಾಲಿಗೆ ಬಿಡಿ. ಎಸ್‌ಎಂಎಸ್‌ಗೂ ಇದು ತಟ್ಟುತ್ತದೆ: ಇಂಗ್ಲಿಷ್‌ನಲ್ಲಿ ಒಂದು ಸಂದೇಶಕ್ಕೆ 160, ಕನ್ನಡದಲ್ಲಿ 70. ಒತ್ತು, ಗುಣಿತದ ಗುರುತು ಎಲ್ಲ ಪ್ರತ್ಯೇಕ ಎಣಿಕೆ. ಆದ್ದರಿಂದ ಓಟಿಪಿ ಸಂಖ್ಯೆ ಮೊದಲೇ ಬರಲಿ, ಸಂಘದ ಉದ್ದನೆಯ ಹೆಸರು ಆಮೇಲೆ. ಅಂಕಿಗಳು 0ಯಿಂದ 9 ಇರಲಿ. ಕನ್ನಡ ಅಂಕಿಯಲ್ಲಿ ಟೈಪ್ ಮಾಡಿದರೂ ಸ್ವೀಕರಿಸಿ.

ಅರ್ಜಿಯ ನಮೂನೆ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಒಂದೇ ಪುಟದಲ್ಲಿ 19 ಖಾನೆಗಳಿವೆ. ಹೆಸರು, ವಿಳಾಸ, ಪ್ಯಾನ್ ಸೇರಿ ಎಂಟು ಸಂಗತಿ ಸಂಘದ ದಾಖಲೆಯಲ್ಲಿ ಆಗಲೇ ಇವೆ, ಮತ್ತೆ ಕೇಳಬೇಡಿ. ಉಳಿದ ಹನ್ನೊಂದನ್ನು ಮೂರು ಪುಟಕ್ಕೆ ಹಂಚಿ: ಎಷ್ಟು ಸಾಲ, ಜಾಮೀನು ಯಾರು, ಒಮ್ಮೆ ನೋಡಿ ಕಳಿಸಿ. ಕ್ಲಿಕ್ ಹೆಚ್ಚಾಯಿತು ಎಂದು ನಿರ್ದೇಶಕರು ಅನ್ನಬಹುದು, ಅನ್ನಲಿ. ಮೊತ್ತ ಟೈಪ್ ಮಾಡುವಾಗಲೇ 1,25,000 ಎಂದು ನಮ್ಮ ರೀತಿಯಲ್ಲಿ ಅಲ್ಪವಿರಾಮ ಬೀಳಲಿ, ಕೆಳಗೆ ಚೆಕ್ಕಿನಲ್ಲಿ ಬರೆಯುವ ಹಾಗೆ ‘ಒಂದು ಲಕ್ಷ ಇಪ್ಪತ್ತೈದು ಸಾವಿರ’ ಎಂದು ಮೂಡಲಿ. ಒಂದು ಸೊನ್ನೆ ಹೆಚ್ಚು ಬಿದ್ದದ್ದು ಅಂಕಿಯಲ್ಲಿ ಕಾಣುವುದಿಲ್ಲ, ಪದದಲ್ಲಿ ಕೂಡಲೇ ಕಾಣುತ್ತದೆ.

‘ಅಮಾನ್ಯ ಇನ್‌ಪುಟ್’ ಎಂಬ ಕೆಂಪು ಸಾಲನ್ನು ಎಲ್ಲೆಡೆ ತೆಗೆಯಿರಿ. ಐಎಫ್‌ಎಸ್‌ಸಿ ಖಾನೆಯಲ್ಲಿ ಜನ ಎಡವುವುದು ಹೆಚ್ಚಾಗಿ ಒಂದೇ ಕಡೆ: 11 ಅಕ್ಷರದ ಆ ಸಂಕೇತದಲ್ಲಿ ಐದನೆಯದು ಯಾವಾಗಲೂ ಸೊನ್ನೆ, ಅಲ್ಲಿ ಇಂಗ್ಲಿಷಿನ ‘ಓ’ ಒತ್ತುತ್ತಾರೆ. ಯಾವಾಗಲೂ ಸೊನ್ನೆಯೇ ಎಂದು ಗೊತ್ತಿದ್ದ ಮೇಲೆ ಆ್ಯಪೇ ತಿದ್ದಿಕೊಳ್ಳಬಹುದಲ್ಲ, ಬೈಯುವುದೇಕೆ? ತಿದ್ದಲಾಗದ ತಪ್ಪಿಗೆ ಮಾತ್ರ, ಆ ಖಾನೆಯ ಕೆಳಗೇ, ಏನು ತಪ್ಪು ಮತ್ತು ಏನು ಮಾಡಬೇಕು ಎಂದು ಹೇಳಿ: ‘ಮೊಬೈಲ್ ಸಂಖ್ಯೆಯಲ್ಲಿ 9 ಅಂಕಿ ಇವೆ, 10 ಬೇಕು.’ ಟೈಪ್ ಮಾಡಿದ್ದನ್ನು ಅಳಿಸಬೇಡಿ.

ಇವೆಲ್ಲ ನನ್ನ ಕಣ್ಣಿಗೆ ಬಿದ್ದವು. ನಿಮ್ಮ ಸದಸ್ಯರ ಕೈಯಲ್ಲಿ ಇನ್ನೂ ಬೇರೆ ಹೊರಬರುತ್ತವೆ. ಅದಕ್ಕೆ ದೊಡ್ಡ ಸಮೀಕ್ಷೆ ಬೇಡ. 1993ರಲ್ಲಿ ಬಳಕೆ ಪರೀಕ್ಷೆಯ ಸಂಶೋಧಕರಾದ ಯಾಕೋಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡೋವರ್ ಕಟ್ಟಿದ ಲೆಕ್ಕದಂತೆ, ಒಬ್ಬೊಬ್ಬ ಬಳಕೆದಾರ ಸರಾಸರಿ ಶೇ. 31ರಷ್ಟು ತೊಂದರೆಗಳನ್ನು ಹೊರಗೆಡಹುತ್ತಾನೆ ಎಂದಿಟ್ಟುಕೊಂಡರೆ ಐದು ಜನರಿಗೆ ಶೇ. 85ರ ಹತ್ತಿರ ಸಿಕ್ಕಿಬಿಡುತ್ತವೆ. ಆದರೆ ‘ಐದು ಜನ ಸಾಕು’ ಎಂಬುದನ್ನು ಅರ್ಧ ಕೇಳಿಸಿಕೊಂಡು ಓಡಬೇಡಿ. ಅದು ಒಂದೇ ಬಗೆಯ ಬಳಕೆದಾರರಿಗೆ, ತೊಂದರೆ ಹುಡುಕಲು ಮಾತ್ರ. ‘ಶೇಕಡಾ ಎಷ್ಟು ಜನಕ್ಕೆ ಇಷ್ಟವಾಯಿತು’ ಎಂದು ಹೇಳಲು ಆಗುವುದಿಲ್ಲ. ನಿಮಗೆ ಅಂಗಡಿಕಾರರು ನಾಲ್ವರು, ನಿವೃತ್ತರು ಮತ್ತು ಗೃಹಿಣಿಯರಲ್ಲಿ ನಾಲ್ವರು ಸಾಕು. ತಿದ್ದಿ, ಮತ್ತೆ ಬೇರೆ ನಾಲ್ಕು ನಾಲ್ಕು ಜನ.

ಕೌಂಟರಿನ ಪಕ್ಕದಲ್ಲೇ ಕೂರಿಸಿ, ಅವರದೇ ಫೋನ್ ಕೊಡಿ. ಗಾಜು ಬಿರುಕು ಬಿಟ್ಟ, ಜಾಗ ತುಂಬಿ ನಿಧಾನವಾದ ಆ ಫೋನೇ ನಿಜವಾದ ಪರೀಕ್ಷೆ. ‘ಸಾಲ ವಿವರ ತೆರೆಯಿರಿ’ ಎಂದರೆ ಬಟನ್ ಹೆಸರನ್ನೇ ಹೇಳಿಕೊಟ್ಟಂತೆ. ‘ಈ ತಿಂಗಳು ಎಷ್ಟು ಕಟ್ಟಬೇಕು, ನೋಡಿ ಹೇಳ್ತೀರಾ?’ ಎನ್ನಿ. ಆಮೇಲೆ ಬಾಯಿ ಮುಚ್ಚಿಕೊಳ್ಳಿ, ಇದೇ ಕಷ್ಟದ ಭಾಗ. ಬೆರಳು ಎಲ್ಲಿ ಗಾಳಿಯಲ್ಲಿ ನಿಂತಿತು, ಎಲ್ಲಿ ಹಿಂದೆ ಬಂದಿತು ಎಂದಷ್ಟೇ ಬರೆದುಕೊಳ್ಳಿ. ‘ಚೆನ್ನಾಗಿದೆಯಾ?’ ಎಂದು ಮಾತ್ರ ಕೇಳಬೇಡಿ. ನಮ್ಮ ಜನ ಎದುರಿಗಿದ್ದವರ ಮನಸ್ಸು ನೋಯಿಸುವುದಿಲ್ಲ, ‘ಬಾಳ ಚಲೋ ಐತಿ’ ಎಂದು ಹೇಳಿ ಮನೆಗೆ ಹೋಗಿ ಆ್ಯಪ್ ತೆಗೆದುಹಾಕುತ್ತಾರೆ. ಆ್ಯಪ್ ಮಾಡಿದ್ದು ನೀವೇ ಎಂಬುದನ್ನೂ ಹೇಳಬೇಡಿ.

ಹೊಸದೋ, ತಿದ್ದುವುದೋ? ಎರಡು ತಿಂಗಳು, ಇಬ್ಬರು ಎಂದರೆ ನಾನು ತಿದ್ದುವ ಕಡೆಗೇ ನಿಲ್ಲುತ್ತೇನೆ. ಪೂರ್ತಿ ಹೊಸದು ಮಾಡಿದರೆ ಈಗ ಕಷ್ಟಪಟ್ಟು ಕಲಿತ ನೂರು ಜನರೂ ದಾರಿ ತಪ್ಪುತ್ತಾರೆ, ಹಳೆಯ ತಪ್ಪುಗಳ ಜಾಗದಲ್ಲಿ ಗೊತ್ತಿಲ್ಲದ ಹೊಸ ತಪ್ಪುಗಳು ಬರುತ್ತವೆ. ತಿದ್ದುವುದರಲ್ಲಿಯೂ ಒಂದು ಅಪಾಯವಿದೆ: ತೇಪೆ ಹಾಕುತ್ತ ಹೋಗಿ ಒಂದು ಪರದೆಯಲ್ಲಿ ‘ಮುಂದೆ’ ಬಲಕ್ಕೆ, ಇನ್ನೊಂದರಲ್ಲಿ ಎಡಕ್ಕೆ ಆಗುವುದು. ಬಟನ್, ಖಾನೆ, ಸಂದೇಶ ಇವುಗಳ ಒಂದೇ ಮಾದರಿ ಮೊದಲು ಮಾಡಿಟ್ಟುಕೊಂಡು ಎಲ್ಲೆಡೆ ಅದನ್ನೇ ಹಾಕಿ. ಕ್ರಮ ಹೀಗಿರಲಿ: ಜೋಡಿ ಅರ್ಜಿ ಮತ್ತು ‘ರದ್ದು’ ಬಟನ್ ಮೊದಲ ವಾರ, ಪದಗಳು ಮತ್ತು ಅಕ್ಷರ ಗಾತ್ರ ಎರಡನೇ ವಾರ, ಮುಖಪುಟ ಮೂರು ಮತ್ತು ನಾಲ್ಕು, ಆಮೇಲೆ ಮೊದಲ ಸುತ್ತಿನ ಪರೀಕ್ಷೆ, ಕೊನೆಗೆ ನಮೂನೆ.

ಮೂರನೇ ದಾರಿಯೂ ಒಂದಿದೆ. ಕಂತು ಕೇಳುವುದಕ್ಕಷ್ಟೇ ಫೋನ್ ಮಾಡುವವರಿಗೆ ಮಿಸ್ಡ್ ಕಾಲ್ ಕೊಟ್ಟರೆ ಎಸ್‌ಎಂಎಸ್ ಬರುವ ವ್ಯವಸ್ಥೆ. ಬ್ಯಾಂಕುಗಳಲ್ಲಿ ಇದು ಹಳೆಯದು, ಜನರಿಗೆ ಗೊತ್ತಿರುವುದು. ಸಂದೇಶದ ಮಾದರಿಯನ್ನು ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆಯಾದ ಡಿಎಲ್‌ಟಿಯಲ್ಲಿ ನೋಂದಾಯಿಸಬೇಕು, ಕನ್ನಡದ್ದನ್ನು ಪ್ರತ್ಯೇಕವಾಗಿ. ತೊಡಕೆಂದರೆ ಫೋನ್ ಮನೆಮಂದಿಯೆಲ್ಲ ಬಳಸುವಲ್ಲಿ ಒಬ್ಬರ ಸಾಲದ ಲೆಕ್ಕ ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ. ಸಂದೇಶದಲ್ಲಿ ಕಂತಿನ ಮೊತ್ತ ಮತ್ತು ದಿನಾಂಕ ಮಾತ್ರ ಇರಲಿ, ಒಟ್ಟು ಸಾಲ ಬೇಡ. ಮಗನೋ ಮಗಳೋ ಅಪ್ಪನ ಪರವಾಗಿ ಆ್ಯಪ್ ಬಳಸುವುದೂ ನಡೆದೇ ಇದೆ. ಅದಕ್ಕೆ ಕಣ್ಣು ಮುಚ್ಚಿದರೆ ಪಿನ್ ಹಂಚಿಕೆಯಾಗುತ್ತದೆ. ‘ನೋಡಲು ಮಾತ್ರ’ ಎಂಬ ಎರಡನೇ ಲಾಗಿನ್ ಕೊಡುವುದು ಲೇಸು, ಆದರೆ ಅದು ಈ ಎರಡು ತಿಂಗಳ ಕೆಲಸವಲ್ಲ.

ಅನಿಮೇಷನ್ ಬಗ್ಗೆ ಮಾಲೀಕರಿಗೆ ಇಷ್ಟು ಹೇಳಿ: ಅಗ್ಗದ ಫೋನ್‌ನಲ್ಲಿ ಅದು ಆ ಎಂಟು ಸೆಕೆಂಡನ್ನು ಹತ್ತು ಮಾಡುತ್ತದೆ.

ಕೊನೆಗೆ ಬಣ್ಣ. ಹಸಿರೋ ನೀಲಿಯೋ ಎಂಬುದು ನಿಮ್ಮಿಷ್ಟ, ಒಂದನ್ನು ಹಿಡಿದು ಎಲ್ಲ ಪರದೆಯಲ್ಲೂ ಮುಖ್ಯ ಬಟನ್‌ಗೆ ಅದನ್ನೇ ಇಡಿ. ನೋಡಬೇಕಾದ್ದು ಹೊಳಪಿನ ವ್ಯತ್ಯಾಸದ (ಕಾಂಟ್ರಾಸ್ಟ್) ಪ್ರಮಾಣ: ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಇರಬೇಕು. ನಿಮ್ಮ ತಿಳಿ ಹಸಿರಿನ ಮೇಲಿನ ಬಿಳಿ ಅಕ್ಷರ ಅದನ್ನು ಮುಟ್ಟುವುದಿಲ್ಲ. ಬಿಳಿಯ ಮೇಲೆ #999999 ಎಂಬ ಬಣ್ಣಸಂಕೇತದ ಬೂದು ಬಣ್ಣದ ಸೂಚನೆಗಳು 2.85:1ರಲ್ಲಿವೆ, #767676ಕ್ಕೆ ಗಾಢ ಮಾಡಿದರೆ 4.54:1ಕ್ಕೆ ಬರುತ್ತವೆ. ಕಟ್ಟಿದ ಕಂತಿಗೆ ಹಸಿರು ಚುಕ್ಕೆ, ಕಟ್ಟದ್ದಕ್ಕೆ ಕೆಂಪು ಚುಕ್ಕೆ ಎಂದು ಮಾತ್ರ ಬಿಡಬೇಡಿ, ಇವೆರಡರ ವ್ಯತ್ಯಾಸ ಕಾಣದ ಕಣ್ಣುಗಳಿವೆ. ಪಕ್ಕದಲ್ಲಿ ‘ಕಟ್ಟಿದೆ’, ‘ಕಟ್ಟಿಲ್ಲ’ ಎಂದು ಬರೆಯಿರಿ. ಒತ್ತುವ ಜಾಗ 48 ಡಿಪಿಗೆ (ಆಂಡ್ರಾಯ್ಡ್ ಪರದೆಯ ಅಳತೆ), ಅಂದರೆ ಸುಮಾರು 9 ಮಿಲಿಮೀಟರಿಗೆ ಕಡಿಮೆ ಬೇಡ. ಈಗಿನದು 32 ಇದೆ.